ಜೀವ ಇತ್ತು ಎಂದು ಬರೆದ ಮೀನುಗಳು

ಹೋದ ವಾರ ಇಲ್ಲೇ ಅಮೆರಿಕದಲ್ಲಿ, ಲಾಂಗ್ ಐಲೆಂಡಿನ ಜೆರಿಕೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನನ್ನ ದವಡೆ ಹಲ್ಲಿನ ನೋವು ಎದ್ದು ಕೂತಿತು. ಎರಡು ದಿನ ಉಪ್ಪುನೀರು ಮುಕ್ಕಳಿಸಿ ನೋಡಿದೆ, ಬಗ್ಗಲಿಲ್ಲ. ಕೊನೆಗೆ ಮಗಳೇ ಬೈದು ತನ್ನ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರ್ ಹುಡುಗಿ ಹಲ್ಲು ಕೊರೆದು, ತಾತ್ಕಾಲಿಕ ಅಂತ ಏನೋ ಬಿಳಿ ಮುದ್ದೆ ತುಂಬಿದಳು. ಬಾಯಿತುಂಬ ಲವಂಗದೆಣ್ಣೆಯ ವಾಸನೆ.

ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಆರ್ ಯೂ ಓಕೆ, ಆಂಟಿ?" ಅಂದಳು ಹುಡುಗಿ. ನೋವಿಗೆ ಅಂದುಕೊಂಡಳು ಪಾಪ. ನಾನು ತಲೆಯಾಡಿಸಿದೆ. ಬಾಯಿ ತೆರೆದು ಮಲಗಿದ ಹೆಂಗಸು ಏನಂತ ಹೇಳಬೇಕು? ಲವಂಗದೆಣ್ಣೆ ಮೂಗಿಗೆ ಬಡಿದರೆ ನನಗೆ ಹಲ್ಲು ನೆನಪಾಗುವುದಿಲ್ಲ, ಮೀನು ನೆನಪಾಗುತ್ತವೆ. ಮೀನಿನ ಹಿಂದೆ ಮೇಲ್ಮನೆ ಅಕ್ಕ ನೆನಪಾಗುತ್ತಾರೆ.

ಅದು ವೈಟುಕೆ ಗದ್ದಲದ ವರ್ಷ. ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಬಿಡುತ್ತವೆ ಅಂತ ಹೆದರಿಸಿ ನಮ್ಮಂಥವರ ಗಂಡಂದಿರನ್ನು ವಿಮಾನ ತುಂಬಿಸಿ ಕರೆಸಿಕೊಳ್ಳುತ್ತಿದ್ದ ಕಾಲ. ನಾನು ಮದುವೆಯಾಗಿ ಹುಬ್ಬಳ್ಳಿಯಿಂದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನ ಅಪಾರ್ಟ್‌ಮೆಂಟಿಗೆ ಬಂದಿಳಿದು ಏಳೆಂಟು ತಿಂಗಳಾಗಿತ್ತು. ಎಚ್-ಫೋರ್ ವೀಸಾ, ಅಂದರೆ ಗಂಡನ ಬಾಲ ಹಿಡಿದು ಬಂದವರ ವೀಸಾ. ಕೆಲಸ ಮಾಡುವಂತಿಲ್ಲ, ಡ್ರೈವ್ ಮಾಡಲು ಬರುವುದಿಲ್ಲ. ನಮ್ಮವರು ಬೆಳಿಗ್ಗೆ ಹೋದರೆ ಸಂಜೆ ಬರುವವರೆಗೂ ಕಿಟಕಿ, ಪಾರ್ಕಿಂಗ್ ಲಾಟ್ ಮತ್ತು ನಾನು. ಬಿಎಸ್ಸಿ ಓದಿದ ತಲೆಗೆ ತುಕ್ಕು ಹಿಡಿಯುತ್ತಿದೆ ಅಂತ ದಿನಾ ನಮ್ಮವರ ತಲೆ ತಿನ್ನುತ್ತಿದ್ದೆ.

ನಮ್ಮ ಮೇಲಿನ ಮನೆಯಲ್ಲಿ ಇದ್ದವರು ಅಕ್ಕ. ಕುಂದಾಪುರದ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಐದು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅವರ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಅಕ್ಕನನ್ನು ಓದಿಸಿದ್ದರಂತೆ. ಅಕ್ಕ ಓದಿದ್ದೂ ಮೀನನ್ನೇ. ಮೀನಿಗೆ ಬರುವ ರೋಗಗಳ ಡಾಕ್ಟರು. ಮೊದಲ ಸಲ ಇದನ್ನು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ, ಮೀನಿಗೇನು ನೆಗಡಿ ಬರ್ತದೇನ್ರಿ ಅಂತ. "ಬರ್ತದೆ ಮಾರಾಯ್ತಿ, ನಮಗೆ ಬರುದೆಲ್ಲ ಅದಕ್ಕೂ ಬರ್ತದೆ. ಹೇಳ್ಲಿಕ್ಕೆ ಬಾಯಿಲ್ಲ, ಅಷ್ಟೆ" ಅಂದಿದ್ದರು.

ಸೀಕಾಕಸ್‌ನಲ್ಲಿ ಒಂದು ಹಳೇ ವೇರ್‌ಹೌಸ್ ಬಾಡಿಗೆಗೆ ಹಿಡಿದು ಒಬ್ಬ ಅಮೆರಿಕನ್ ಮುದುಕ ಅದರೊಳಗೆ ಸಮುದ್ರದ ಮೀನು ಸಾಕುತ್ತಿದ್ದ, ಅಕ್ಕ ಕೆಲಸಕ್ಕಿದ್ದದ್ದು ಅವನ ಹತ್ತಿರ. ಹೊರಗಿನಿಂದ ನೋಡಿದರೆ ಲಾರಿ ನಿಲ್ಲುವ ಗೋದಾಮು. ಬಾಗಿಲು ತೆಗೆದರೆ ಎರಡು ಸಾಲಿನಲ್ಲಿ ದುಂಡನೆಯ ದೊಡ್ಡ ದೊಡ್ಡ ತೊಟ್ಟಿಗಳು, ಅದರಲ್ಲಿ ಉಪ್ಪು ಬೆರೆಸಿ ಮಾಡಿದ ಸಮುದ್ರದ ನೀರು, ತೊಟ್ಟಿಯ ತಳದಲ್ಲಿ ಚಪ್ಪಟೆ ಮೀನುಗಳು. ಫ್ಲೌಂಡರ್ ಅಂತ ಹೆಸರು. ಅಕ್ಕನ ಊರಿನ ನಂಗು ಮೀನಿನ ದೊಡ್ಡಪ್ಪನ ಮಕ್ಕಳಂತೆ. ಎರಡೂ ಕಣ್ಣು ಒಂದೇ ಮಗ್ಗುಲಿಗೆ. ದಿನವಿಡೀ ತಳದಲ್ಲಿ ರೊಟ್ಟಿ ಹಾಸಿದ ಹಾಗೆ ಬಿದ್ದುಕೊಂಡು ಆ ಎರಡು ಕಣ್ಣಲ್ಲಿ ಮೇಲೆ ನೋಡುತ್ತಿದ್ದವು. ದೊಡ್ಡವಾದ ಮೇಲೆ ಜೀವಂತವಾಗಿ ಚೈನಾಟೌನಿಗೆ ಹೋಗುತ್ತಿದ್ದವು. ಮರಿ ಮಾಡಿಸುವ ಜಾಗ ಬೇರೆ, ಜೆರಿಕೋ ದಾಟಿ ಲಾಂಗ್ ಐಲೆಂಡಿನ ಕಡಲ ಕಡೆಗೆ. ಅಕ್ಕ ಬೆಳಿಗ್ಗೆ ಅಲ್ಲಿ, ಮಧ್ಯಾಹ್ನದ ಮೇಲೆ ಸೀಕಾಕಸ್‌ನಲ್ಲಿ. ಎರಡೆರಡು ಸೇತುವೆ ದಾಟಿ ದಿನಾ ಕಮ್ಯೂಟ್ ಮಾಡುತ್ತಿದ್ದರು.

ನನ್ನ ಗೋಳು ಕೇಳಲಾರದೆ ಅವರೇ ಮುದುಕನ ಹತ್ತಿರ ಮಾತಾಡಿ ನನ್ನನ್ನು ವಾಲಂಟಿಯರ್ ಮಾಡಿಸಿಕೊಂಡರು. ನೀರಿನ ಉಷ್ಣತೆ ಬರೆಯುವುದು, ಉಪ್ಪು ಅಳೆಯುವುದು, ಯಾವ ತೊಟ್ಟಿಗೆ ಎಷ್ಟು ಆಹಾರ ಹಾಕಿದರು ಅಂತ ಪಟ್ಟಿ ಬರೆಯುವುದು. ಮೀನು ಮುಟ್ಟುವ ಕೆಲಸ ಇಲ್ಲ ಅಂತ ಮೊದಲೇ ಮಾತಾಗಿತ್ತು. ನಮ್ಮದು ಮೀನಂಗಡಿ ಇರುವ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುವ ಮನೆತನ. ನಮ್ಮವರ ಪ್ರಾಜೆಕ್ಟೂ ಸೀಕಾಕಸ್‌ನಲ್ಲೇ ಇತ್ತು, ಬೆಳಿಗ್ಗೆ ನನ್ನನ್ನು ವೇರ್‌ಹೌಸ್ ಬಾಗಿಲಿಗೆ ಡ್ರಾಪ್ ಮಾಡಿ ಹೋಗುತ್ತಿದ್ದರು. ಸಂಜೆ ಅಕ್ಕನ ಕಾರಿನಲ್ಲಿ ವಾಪಸ್. ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅಕ್ಕ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಕಾರಿನ ದಾರಿ... ಅದೇ ನನ್ನ ಆ ವರ್ಷದ ಸುಖ. ಅವರ ಕುಂದಾಪುರದ ಮಾತು, ನನ್ನ ಹುಬ್ಬಳ್ಳಿ ಮಾತು, ಒಬ್ಬರನ್ನೊಬ್ಬರು ಅಣಕಿಸಿಕೊಂಡು ಟರ್ನ್‌ಪೈಕ್ ಹೆದ್ದಾರಿ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಟ್ರಾಫಿಕ್‌ನಲ್ಲಿ ನಿಂತಾಗ ಅವರು ಮಗಳ ವಿಷಯ ಹೇಳಿದರು. ಹುಟ್ಟಿದಾಗಿಂದ ಕಿವಿ ಕೇಳುವುದಿಲ್ಲ. ತಲೆಯ ಒಳಗೆ ಒಂದು ಸಾಧನ ಇಡುವ ಆಪರೇಷನ್ ಇದೆಯಂತೆ, ಅದು ಬೇಗ ಆದಷ್ಟೂ ಮಾತು ಬರುತ್ತದೆ, ತಡವಾದಷ್ಟೂ ಕಷ್ಟ ಅಂತ ಇಲ್ಲಿಯ ಡಾಕ್ಟರು ಹೇಳಿದ್ದರು. ಮುದುಕನ ಕಂಪನಿಯ ಇನ್ಶೂರೆನ್ಸಿನಲ್ಲಿ ಅದು ಆಗುತ್ತಿತ್ತು. ಬರುವ ಬೇಸಿಗೆಗೆ ಮಗಳನ್ನು ಕರೆಸಿಕೊಳ್ಳಲು ಕಾಗದಪತ್ರ ಎಲ್ಲ ತಯಾರಾಗಿತ್ತು. ಅವರ ಬೆಡ್‌ರೂಮಿನಲ್ಲಿ ಆಗಲೇ ಒಂದು ಸಣ್ಣ ಮಂಚ, ಅದರ ಮೇಲೆ ಹಳದಿ ಹೂವಿನ ಹೊದಿಕೆ. "ಅವಳು ಒಂದ್ಸಲ ಅಮ್ಮ ಅಂದ್ರೆ ಸಾಕು ನಂಗೆ. ಆಮೇಲೆ ಬೇಕಾದ್ರೆ ಜೀವನ ಇಡೀ ಬಯ್ಲಿ" ಅಂದರು. ಲೆಕ್ಕ ನೇರ ಇತ್ತು. ಮೀನು ಬದುಕಿದರೆ ಕಂಪನಿ, ಕಂಪನಿ ಇದ್ದರೆ ಅಕ್ಕನ ವೀಸಾ, ವೀಸಾ ಇದ್ದರೆ ಆ ಹುಡುಗಿಗೆ ಕಿವಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗಿ ನವೆಂಬರ್ ಮುಗಿಯುವ ಹೊತ್ತಿಗೆ ಮೀನು ಸಾಯತೊಡಗಿದವು. ಮೊದಲು ಮೂರನೇ ತೊಟ್ಟಿಯಲ್ಲಿ ಒಂದೆರಡು. ಆಮೇಲೆ ದಿನಾ ಐದಾರು. ಬೆಳಿಗ್ಗೆ ಆಹಾರ ಹಾಕುವ ಹೊತ್ತಿಗೆ ರೋಗದ ಮೀನುಗಳು ತಳ ಬಿಟ್ಟು ಮೇಲೆ ಬರುತ್ತಿದ್ದವು, ಮಧ್ಯಾಹ್ನ ಅಕ್ಕ ಬರುವಷ್ಟರಲ್ಲಿ ಸತ್ತಿರುತ್ತಿದ್ದವು. ಲಾಂಗ್ ಐಲೆಂಡಿನ ಮರಿಗಳನ್ನು ಬಿಟ್ಟು ಬೆಳಿಗ್ಗೆ ಬರಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಹತ್ತಿರ ಬಂದರು.

"ಸತ್ತ ಮೀನು ನಂಗೆ ಬೇಡ ಮಾರಾಯ್ತಿ, ಸಾಯ್ಲಿಕ್ಕೆ ಹೊರಟದ್ದು ಬೇಕು. ಸತ್ತ ಮೇಲೆ ಕಂಡಕಂಡ ಬ್ಯಾಕ್ಟೀರಿಯಾ ಎಲ್ಲ ಒಳಗೆ ನುಗ್ತದೆ. ಕೊಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಅಂತ ದೇವರಿಗೂ ಗೊತ್ತಾಗುದಿಲ್ಲ" ಅಂದರು. ಒಂದು ಬಕೆಟ್ ನೀರಿಗೆ ಲವಂಗದೆಣ್ಣೆ ಹನಿಸಿ, ಒದ್ದಾಡುತ್ತಿದ್ದ ಒಂದು ಮೀನನ್ನು ಕೈಬಲೆಯಲ್ಲಿ ಎತ್ತಿ ಅದರೊಳಗೆ ಬಿಟ್ಟು ತೋರಿಸಿದರು. ಮೀನು ಎರಡು ಸುತ್ತು ಸುತ್ತಿತು. ಕಿವಿರು ನಿಧಾನವಾಯಿತು, ನಿಂತಿತು. "ನೋವಿಲ್ಲ ಅದಕ್ಕೆ. ನಿದ್ದೆ ಬಂದ ಹಾಗೆ ಆಗ್ತದೆ." ಆಮೇಲೆ ಚೀಲಕ್ಕೆ ಹಾಕಿ ಐಸ್ ಬಾಕ್ಸಿಗೆ. ಪುಸ್ತಕದಲ್ಲಿ ಹೊತ್ತು ಬರೆದು, 'ಜೀವ ಇತ್ತು' ಎಂಬ ಕಾಲಮ್ಮಿನಲ್ಲಿ ಟಿಕ್ ಹಾಕಬೇಕು. ಇಷ್ಟೇ ಕೆಲಸ. ನಾನು ಹೂಂ ಅಂದೆ.

ಅಕ್ಕನಿಗೆ ಗೊತ್ತಿಲ್ಲದ ಒಂದು ಮಾತು ನನ್ನ ಹತ್ತಿರ ಇತ್ತು. ನನಗೆ ಆಗ ಎರಡು ತಿಂಗಳು. ಮೂರು ತುಂಬುವವರೆಗೆ ಹೊರಗಿನವರ ಹತ್ತಿರ ಬಾಯಿ ಬಿಡಬಾರದು ಅಂತ ನಮ್ಮವ್ವನ ಕಟ್ಟಪ್ಪಣೆ. ಅದರ ಜೊತೆಗೆ ಇನ್ನೊಂದು ಹೇಳಿದ್ದಳು, ಶನಿವಾರದ ಫೋನಿನಲ್ಲಿ, ಗೊರಗೊರ ಅನ್ನುವ ಲೈನಿನಲ್ಲಿ. "ಹೊಟ್ಟ್ಯಾಗ ಕೂಸು ಇದ್ದಾಗ ಒಂದು ಇರುವಿನೂ ಕೊಲ್ಲಬಾರದವ್ವಾ. ಯಾವ ಜೀವದ್ದೂ ಶಾಪ ತಗೋಬ್ಯಾಡ." ಅವಳಿಗೆ ನಾನು ಮೀನಿನ ಗೋದಾಮಿಗೆ ಹೋಗುವುದು ಗೊತ್ತೇ ಇರಲಿಲ್ಲ. ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿದ್ದೆ.

ಮರುದಿನ ಬೆಳಿಗ್ಗೆ ಮೂರನೇ ತೊಟ್ಟಿಯ ಹತ್ತಿರ ಬಲೆ ಹಿಡಿದು ನಿಂತೆ. ಒಂದು ಮೀನು ಮೇಲೆ ಬಂದು ಗಿರಗಿರ ಸುತ್ತುತ್ತಿತ್ತು. ಕಣ್ಣು ಉಬ್ಬಿತ್ತು, ಹಾಲಿನ ಪೊರೆ ಬಂದಂತೆ ಬೆಳ್ಳಗಾಗಿತ್ತು. ಬಲೆ ನೀರಿಗಿಳಿಸಿದೆ. ಮೀನು ಬಲೆಯೊಳಗೆ ಬಂತು. ಎತ್ತಲು ಹೋದರೆ ಕೈಗೆ ಅದರ ಮಿಡಿತ ತಾಕಿತು. ಬಿಟ್ಟುಬಿಟ್ಟೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನಿಂತೆ. ಶಿವ ಶಿವಾ, ನನ್ನ ಕೈಲಾಗುವುದಿಲ್ಲ ಇದು. ಆಮೇಲೆ ಏನು ಮಾಡಿದೆ ಅಂದರೆ, ತೊಟ್ಟಿಯ ತಳದಲ್ಲಿ ಬೆಳ್ಳನೆ ಹೊಟ್ಟೆ ಮೇಲಾಗಿ ಬಿದ್ದಿದ್ದ ಒಂದು ಮೀನನ್ನು ಬಲೆಯಲ್ಲಿ ಎತ್ತಿ ಚೀಲಕ್ಕೆ ಹಾಕಿದೆ. ಅದು ಯಾವಾಗ ಸತ್ತಿತ್ತೋ, ರಾತ್ರಿಯೋ ಬೆಳಗಿನ ಜಾವವೋ. ತಾನಾಗಿ ಸತ್ತದ್ದರ ಪಾಪ ನನಗೆ ತಟ್ಟುವುದಿಲ್ಲ ಅಂತ ನನ್ನ ಲೆಕ್ಕ. ಬಕೆಟಿಗೆ ಲವಂಗದೆಣ್ಣೆ ಮಾತ್ರ ಹನಿಸಿದೆ, ವಾಸನೆ ಬರಲಿ ಅಂತ. ಎಂಥ ಕಿಲಾಡಿ ನೋಡಿ ನಾನು! ಪುಸ್ತಕ ತೆಗೆದು ಟಿಕ್ ಹಾಕಿದೆ. ಜೀವ ಇತ್ತು.

ಮಧ್ಯಾಹ್ನ ಅಕ್ಕ ಬಂದು ಐಸ್ ಬಾಕ್ಸ್ ತೆಗೆದರು. ಮೀನಿನ ಕಿವಿರು ಹೆಬ್ಬೆರಳಿನಲ್ಲಿ ಎತ್ತಿ ನೋಡಿದರು. ಮೀನು ಮಾರುವವಳ ಮಗಳು, ಕಿವಿರಿನ ಬಣ್ಣ ಓದಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಬ್ಬು ಗಂಟಿಕ್ಕಿತು.

"ಎಷ್ಟೊತ್ತಿಗೆ ತೆಗೆದದ್ದು ಇದು?"

"ಹನ್ನೊಂದಕ್ಕ ತಗದೇನ್ರಿ ಅಕ್ಕಾರ."

ಪುಸ್ತಕದ ಟಿಕ್ ನೋಡಿದರು, ನನ್ನ ಮುಖ ನೋಡಿದರು. "ರೋಗಕ್ಕೇ ಇಷ್ಟು ಬಿಳುಚಿಕೊಂಡಿರ್ಬೇಕು" ಅಂತ ತಮಗೆ ತಾವೇ ಹೇಳಿಕೊಂಡು ಚಾಕು ಎತ್ತಿಕೊಂಡರು. ನನ್ನ ಮಾತಿನ ಮುಂದೆ ತಮ್ಮ ಕಣ್ಣನ್ನು ಸುಳ್ಳು ಮಾಡಿಕೊಂಡರು.

ಮೀನಿನ ಒಳಗಿನದನ್ನು ಸವರಿಟ್ಟ ಪೆಟ್ರಿ ಎಂಬ ಸಣ್ಣ ಗಾಜಿನ ತಟ್ಟೆಯ ತುಂಬ ಎರಡು ದಿನಕ್ಕೆ ಹಳದಿ ಹಳದಿ ಬ್ಯಾಕ್ಟೀರಿಯಾ ಬೆಳೆದು ನಿಂತಿತು. ವಿಬ್ರಿಯೋ ಅಂತ. ಸಮುದ್ರದ ನೀರಿನಲ್ಲಿ ಯಾವಾಗಲೂ ಇರುವಂಥದ್ದು, ಎಷ್ಟೋ ಸಲ ಅದೇ ರೋಗವನ್ನೂ ತರುತ್ತದೆ, ಸತ್ತ ಮೀನಿಗಂತೂ ಎಲ್ಲರಿಗಿಂತ ಮುಂಚೆ ನುಗ್ಗುತ್ತದೆ. ಅಕ್ಕನಿಗೆ ಸಮಾಧಾನವಾಯಿತು. ಇದಕ್ಕೆ ಔಷಧಿ ಇದೆ, ಆಹಾರದಲ್ಲಿ ಬೆರೆಸಿ ಕೊಟ್ಟರೆ ಹತ್ತು ದಿನದಲ್ಲಿ ಹಿಡಿತಕ್ಕೆ ಬರುತ್ತದೆ ಅಂತ ಮುದುಕನಿಗೆ ಹೇಳಿದರು. ಎರಡು ಸಾಲಿನ ತೊಟ್ಟಿಗಳಿಗೂ ನೀರು ಒಂದೇ ಪೈಪಿನಿಂದ ಸುತ್ತುತ್ತಿತ್ತು, ನಡುವೆ ಒಂದು ದೊಡ್ಡ ವಾಲ್ವ್. ಅದನ್ನು ಮುಚ್ಚಿ ಆ ಕಡೆಯ ಸಾಲನ್ನು ಬೇರೆ ಮಾಡಬೇಕಾ ಅಂತ ಮುದುಕ ಕೇಳಿದ. ಮುಚ್ಚಿದರೆ ಆ ಸಾಲಿನ ನೀರು ಶುದ್ಧ ಮಾಡುವುದು ಕಷ್ಟ, ವಿಬ್ರಿಯೋಗೆ ಅಷ್ಟೆಲ್ಲ ಬೇಡ ಅಂದರು ಅಕ್ಕ. ವಾಲ್ವ್ ತೆರೆದೇ ಉಳಿಯಿತು. ನಾನು ಪಕ್ಕದಲ್ಲೇ ನಿಂತು ಉಷ್ಣತೆ ಬರೆಯುತ್ತಿದ್ದೆ.

ಮೂರು ವಾರ ಹೀಗೇ ನಡೆಯಿತು. ನಾನು ತಳದಿಂದ ಸತ್ತದ್ದನ್ನು ಎತ್ತುವುದು, ಟಿಕ್ ಹಾಕುವುದು. ಅಕ್ಕನ ತಟ್ಟೆಗಳಲ್ಲಿ ಅದೇ ಹಳದಿ. ಮೇಲೆ ಗಿರಗಿರ ಸುತ್ತುವ ಮೀನುಗಳ ಬಗ್ಗೆಯೂ ನಾನು ಸರಿಯಾಗಿ ಬರೆಯಲಿಲ್ಲ, ಯಾಕೆಂದರೆ ನಾನು ಆ ಕಡೆ ನೋಡುತ್ತಲೇ ಇರಲಿಲ್ಲ. ಔಷಧಿ ಹಾಕಿದ ಆಹಾರ ನೀರಿನಲ್ಲಿ ಕರಗಿ ಹೋಗುತ್ತಿತ್ತು, ರೋಗದ ಮೀನು ಬಾಯಿಯೇ ತೆರೆಯುತ್ತಿರಲಿಲ್ಲ. ಡಿಸೆಂಬರ್ ಕೊನೆಗೆ ಆ ಕಡೆಯ ಸಾಲಿನಲ್ಲೂ ಬೆಳ್ಳನೆ ಹೊಟ್ಟೆಗಳು ಕಾಣಿಸಿಕೊಂಡವು. ಮುದುಕ ಚೀನೀ ಹೊಸವರ್ಷದ ಮಾರಾಟಕ್ಕೆ ಕಾದಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕ ಕಾರಿನಲ್ಲಿ ಮಾತು ಬಿಟ್ಟರು. ಒಂದು ದಿನ ಸುಮ್ಮನೆ ಸ್ಟೀರಿಂಗ್ ಹಿಡಿದು, "ಎಲ್ಲಿ ತಪ್ಪಿದೆ ನಾನು? ಎಲ್ಲಿ ತಪ್ಪಿದೆ?" ಅಂತ ಕೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಉತ್ತರ ಕೂತಿತ್ತು. ಬಾಯಿಗೆ ಬೀಗ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತಾ.

ಈಗ ಯಾರಾದರೂ ಕೇಳಬಹುದು, ಹೇಳಬಹುದಿತ್ತಲ್ಲ ಅಂತ. ಮೊದಲ ದಿನವೇ "ಅಕ್ಕಾರ, ನನ್ನ ಕೈಲಾಗೂದಿಲ್ರಿ" ಅಂದಿದ್ದರೆ ಮುಗಿಯುತ್ತಿತ್ತು. ಅವರು ಇನ್ಯಾರನ್ನೋ ಹಚ್ಚುತ್ತಿದ್ದರು. ಆದರೆ ಹೇಳಿದರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೊಟ್ಟೆಯ ವಿಷಯ ಹೊರಬೀಳುತ್ತದೆ, ಕೂಸಿಗೆ ಏನಾದರೂ ಆದರೆ... ಇಪ್ಪತ್ತಾರು ವರ್ಷದ ದಡ್ಡಿ. ಒಂದು ಟಿಕ್ ಹಾಕಿದ ಮೇಲೆ ಎರಡನೆಯದು ಹಾಕಲೇಬೇಕಾಗಿ ಬಂತು, ಎರಡಾದ ಮೇಲೆ ಹೇಳುವ ದಾರಿಯೇ ಮುಚ್ಚಿತು.

ಹೊಸ ವರ್ಷ ಬಂತು. ಯಾವ ಕಂಪ್ಯೂಟರೂ ನಿಲ್ಲಲಿಲ್ಲ, ನಮ್ಮವರು ಮತ್ತು ಅವರ ಗೆಳೆಯರು ಕೇಕ್ ಕತ್ತರಿಸಿದರು. ಮರುವಾರ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದೆ. ಅಕ್ಕ ಲಾಂಗ್ ಐಲೆಂಡಿನ ಕೆಲಸವನ್ನು ಯಾರಿಗೋ ಒಪ್ಪಿಸಿ ತಾವೇ ಬೆಳಿಗ್ಗೆ ವೇರ್‌ಹೌಸಿಗೆ ಹೋದರು. ಗಿರಗಿರ ಸುತ್ತುತ್ತಿದ್ದ ಮೀನನ್ನು ತಾವೇ ಎತ್ತಿದರು. ಎರಡು ದಿನ ಕಳೆದರೂ ಆ ಮೀನಿನ ತಟ್ಟೆಯಲ್ಲಿ ಹಳದಿ ಇರಲಿಲ್ಲ. ಗುಂಡುಸೂಜಿ ತಲೆಯಷ್ಟು ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಮೈಕ್ರೋಸ್ಕೋಪಿನಲ್ಲಿ ಜಪಮಣಿ ಪೋಣಿಸಿದ ಹಾಗೆ ಸಾಲುಸಾಲು. ಸ್ಟ್ರೆಪ್ಟೋಕಾಕಸ್. ಮೀನಿನ ಮಿದುಳಿಗೇ ಕೈ ಹಾಕುವ ಬ್ಯಾಕ್ಟೀರಿಯಾ, ಅದಕ್ಕೇ ಅವು ತಲೆ ತಿರುಗಿದಂತೆ ಸುತ್ತುತ್ತಿದ್ದದ್ದು. ಅದಕ್ಕೆ ಕೊಡಬೇಕಾದ ಔಷಧಿ ಬೇರೆ, ಮಾಡಬೇಕಾದ ಮೊದಲ ಕೆಲಸವೇ ನೀರು ಬೇರೆ ಮಾಡುವುದು. ಹಾಗೆ ಮಾಡಿದ್ದರೆ ಅರ್ಧ ಮೀನಾದರೂ ಉಳಿಯುತ್ತಿದ್ದವು. ಈಗ ಎಲ್ಲಾ ತೊಟ್ಟಿಗೂ ಹರಡಿತ್ತು.

ಅದನ್ನು ಕಂಡ ದಿನ ಸಂಜೆ ಅಕ್ಕ ನಮ್ಮ ಮನೆಗೆ ಇಳಿದು ಬಂದರು. ಹಣೆ ಮುಟ್ಟಿ ಜ್ವರ ನೋಡಿದರು. ಗಂಜಿ ತಂದಿದ್ದರು, ಜೊತೆಗೆ ಉಪ್ಪಿನಕಾಯಿ. ನಾನು ಕುಡಿಯುವವರೆಗೂ ಕೂತಿದ್ದು ಆಮೇಲೆ ಮೆಲ್ಲಗೆ ಕೇಳಿದರು.

"ನೀನು ತೆಗೆದ ಮೀನಿಗೆಲ್ಲ ಜೀವ ಇತ್ತಲ್ಲ?"

"ಇತ್ರಿ ಅಕ್ಕಾರ."

"ಹ್ಞೂಂ... ಹಾಗಾದ್ರೆ ನನ್ನದೇ ತಪ್ಪು. ತಟ್ಟೆ ನೋಡುದ್ರಲ್ಲೇ ಎಲ್ಲೋ ಎಡವಿದೆ ನಾನು" ಅಂದು ಬಟ್ಟಲು ತೊಳೆದಿಟ್ಟು ಮೇಲೆ ಹೋದರು. ಅವರ ಹೆಜ್ಜೆ ನಮ್ಮ ಛಾವಣಿಯ ಮೇಲೆ ಬಹಳ ಹೊತ್ತು ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇತ್ತು.

ಜನವರಿ ಕೊನೆಗೆ ತೀರ್ಮಾನವಾಯಿತು. ಉಳಿದ ಮೀನನ್ನೆಲ್ಲ ಕೊಂದು, ತೊಟ್ಟಿ ಪೈಪು ಎಲ್ಲ ಬ್ಲೀಚಿನಲ್ಲಿ ತೊಳೆಯುವುದು. ರೋಗದ ಮೀನು ಮಾರುವಂತಿಲ್ಲ. ಕೆಲಸದವರನ್ನು ಮುದುಕ ಆಗಲೇ ಕಳಿಸಿಬಿಟ್ಟಿದ್ದ. ಅಕ್ಕ ನನ್ನನ್ನು ಬರುತ್ತೀಯಾ ಅಂತ ಕೇಳಲಿಲ್ಲ, ನಾನಾಗಿಯೇ ಹೋದೆ. ಹೋಗದೆ ಇರಲು ಮುಖ ಇರಲಿಲ್ಲ.

ವೇರ್‌ಹೌಸಿನ ನಡುವೆ ದೊಡ್ಡ ದೊಡ್ಡ ಪ್ಲಾಸ್ಟಿಕ್ ಟಬ್ಬುಗಳು. ಅದರೊಳಗೆ ಬಾಟಲಿಗಟ್ಟಲೆ ಲವಂಗದೆಣ್ಣೆ. ಆ ವಾಸನೆ ಹೇಗಿತ್ತು ಅಂದರೆ, ಕಣ್ಣು ಉರಿಯುತ್ತಿತ್ತು, ಗಂಟಲಿಗೆ ಇಳಿಯುತ್ತಿತ್ತು. ಆ ಚಳಿಯಲ್ಲಿ ಅಕ್ಕ ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು ಬಲೆ ಬಲೆ ಮೀನು ಎತ್ತಿ ಟಬ್ಬಿಗೆ ಸುರಿಯುತ್ತಿದ್ದರು. ಸಾವಿರಾರು ಮೀನು. ನನ್ನ ಕೈಗೂ ಒಂದು ಬಲೆ ಕೊಟ್ಟರು. "ಆ ಆರನೇ ತೊಟ್ಟಿಯಿಂದ ಶುರು ಮಾಡು, ಬೇಗ ಮುಗಿಸುವ" ಅಂದರು.

ಬಲೆ ನೀರಿಗೆ ಇಳಿಸಿದೆ. ಒಂದು ಮೀನು ಬಂತು, ಇನ್ನೂ ರೋಗ ತಟ್ಟದ ಗಟ್ಟಿ ಮೀನು. ಬಲೆಯೊಳಗೆ ಪಟಪಟ ಬಡಿಯಿತು. ಆ ಎರಡೂ ಕಣ್ಣು ಒಂದೇ ಕಡೆಯಿಂದ ನನ್ನನ್ನೇ ನೋಡುತ್ತಿದ್ದವು. ನನ್ನ ಕೈ ಕಲ್ಲಾಗಿಬಿಟ್ಟಿತು. ಬಲೆ ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ನನಗೇ ಗೊತ್ತಿಲ್ಲದ ಹಾಗೆ ಎಡಗೈ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು.

ಎಷ್ಟೊತ್ತು ಹಾಗೆ ನಿಂತಿದ್ದೆನೋ. ತಲೆ ಎತ್ತಿದರೆ ಅಕ್ಕ ಕೆಲಸ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಬಲೆ ಹಿಡಿದ ಕೈಯನ್ನು. ಆಮೇಲೆ ಹೊಟ್ಟೆಯ ಮೇಲಿನ ಕೈಯನ್ನು.

"ಎಷ್ಟು ತಿಂಗಳು?" ಅಂದರು.

"ನಾಕನೇ ತಿಂಗಳ ನಡದೈತ್ರಿ."

ಅವರು ಗ್ಲೌಸ್ ಹಾಕಿದ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಜನವರಿ, ಡಿಸೆಂಬರ್, ನವೆಂಬರ್... ಮೂರನೇ ತೊಟ್ಟಿಯ ಕಡೆ ಒಮ್ಮೆ ತಿರುಗಿ ನೋಡಿದರು. ಗೋಡೆಗೆ ತೂಗುಹಾಕಿದ್ದ ಪುಸ್ತಕದ ಕಡೆ ನೋಡಿದರು. ಅವರ ಮುಖದಲ್ಲಿ ಒಂದು ತಿಳಿವು ಬಂದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಬೈಯುತ್ತಾರೆ ಅಂದುಕೊಂಡೆ. ಕೆನ್ನೆಗೆ ಬಾರಿಸಲಿ ಅಂತ ಬೇಡಿಕೊಂಡೆ. ಅವರು ನನ್ನ ಕೈಯಿಂದ ಬಲೆ ಬಿಡಿಸಿಕೊಂಡರು.

"ನೀನು ಹೋಗು. ಕಾರಲ್ಲಿ ಕೂತ್ಕೋ, ಹೀಟರ್ ಹಾಕ್ಕೋ. ಇದು ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ" ಅಂದರು. ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಇನ್ನೊಂದು ಮಾತು ಬಂತು. "ಮೊದ್ಲೇ ಹೇಳ್ಬೇಕಿತ್ತು ನೀನು."

ಸಂಜೆಯವರೆಗೆ ಕಾರಿನಲ್ಲಿ ಕೂತಿದ್ದೆ. ಅಕ್ಕ ಒಬ್ಬರೇ ಅಷ್ಟೂ ಮೀನನ್ನು ಮುಗಿಸಿ ಬಂದರು. ದಾರಿಯುದ್ದಕ್ಕೂ ಅವರ ಕೂದಲಿನಿಂದ, ಕೋಟಿನಿಂದ, ಸೀಟಿನಿಂದ ಲವಂಗದ ವಾಸನೆ ಬರುತ್ತಿತ್ತು.

ಮುದುಕನಿಗೆ ಅವರು ಬರೆದುಕೊಟ್ಟ ವರದಿಯಲ್ಲಿ 'ರೋಗ ಗುರುತಿಸುವುದರಲ್ಲಿ ತಪ್ಪು ನನ್ನಿಂದ ಆಯಿತು' ಅಂತ ಒಂದೇ ಸಾಲು ಇತ್ತಂತೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಕಂಪನಿ ಮುಚ್ಚಿತು. ಬೇರೆ ಕೆಲಸ ಹುಡುಕಿದರು, ತಪ್ಪು ಮಾಡಿದೆ ಅಂತ ತಾನೇ ಬರೆದುಕೊಟ್ಟ ಡಾಕ್ಟರನ್ನು ಯಾರು ತೆಗೆದುಕೊಳ್ಳುತ್ತಾರೆ? ಊರೆಲ್ಲ ಕಂಪ್ಯೂಟರ್ ಬಲ್ಲವರನ್ನು ದೀಪ ಹಚ್ಚಿ ಹುಡುಕುತ್ತಿತ್ತು, ಮೀನಿನ ಡಾಕ್ಟರು ಯಾರಿಗೂ ಬೇಕಾಗಿರಲಿಲ್ಲ. ವೀಸಾ ಹೋಯಿತು. ಮಾರ್ಚಿನಲ್ಲಿ ಹೊರಟರು. ಆ ಸಣ್ಣ ಮಂಚವನ್ನು ನಮ್ಮ ಮನೆಗೆ ಇಳಿಸಿದರು. "ನಿನ್ನ ಕೂಸಿಗೆ ಆಗ್ತದೆ ಮುಂದೆ" ಅಂದರು. ಹಳದಿ ಹೂವಿನ ಹೊದಿಕೆಯನ್ನೂ ಮಡಚಿ ಅದರ ಮೇಲಿಟ್ಟರು. ಏರ್‌ಪೋರ್ಟಿಗೆ ನಮ್ಮವರೇ ಬಿಟ್ಟು ಬಂದರು. ನನಗೆ ಆರು ತಿಂಗಳು ಅಂತ ನಾನು ಹೋಗಲಿಲ್ಲ. ಆ ನೆಪವೂ ಕೂಸಿನದ್ದೇ.

ನನ್ನ ಮಗಳು ಆರೋಗ್ಯವಾಗಿ ಹುಟ್ಟಿದಳು. ಆ ಮಂಚದ ಮೇಲೆಯೇ ಮಲಗಿ ಬೆಳೆದಳು. ಒಂದು ವರ್ಷಕ್ಕೆ ಅವ್ವ ಅಂದಳು. ಅವಳು ಅಂದಾಗೆಲ್ಲ ನಾನು ಆ ಹಳದಿ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಅಕ್ಕ ಕಾಗದ ಬರೆಯುತ್ತಿದ್ದರು, ಒಂದು ಸಿಗಡಿ ಹ್ಯಾಚರಿಯಲ್ಲಿ ಕೆಲಸ ಸಿಕ್ಕಿದೆ, ಮಗಳು ಕೈಸನ್ನೆ ಕಲಿಯುತ್ತಿದ್ದಾಳೆ, ಆಪರೇಷನ್ನಿನ ವಯಸ್ಸು ಮೀರಿತು ಅಂತ ಅಲ್ಲಿಯ ಡಾಕ್ಟರು ಹೇಳಿದರು ಅಂತ. ಒಂದು ಕಾಗದದಲ್ಲೂ ಮೀನಿನ ವಿಷಯ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಅವರು ನಾನಾಗಿ ಹೇಳಲಿ ಅಂತ ಕಾದಿರಬೇಕು. ನಾನು ಕೂಸಿನ ಫೋಟೋ ಕಳಿಸುತ್ತಿದ್ದೆ, ಹಬ್ಬದ ಶುಭಾಶಯ ಕಳಿಸುತ್ತಿದ್ದೆ. ಬರಬರುತ್ತಾ ಕಾಗದಗಳು ಕಡಿಮೆಯಾದವು...

ಎರಡು ತಿಂಗಳ ಹಿಂದೆ ಗೊತ್ತಿಲ್ಲದ ಇಂಡಿಯಾ ನಂಬರಿನಿಂದ ಮೆಸೇಜ್ ಬಂತು. ಅಕ್ಕನ ಮಗಳು. "ಅಮ್ಮ ತೀರಿಕೊಂಡರು. ಅವರ ಡೈರಿಯಲ್ಲಿ ನಿಮ್ಮ ನಂಬರ್ ಸಿಕ್ಕಿತು. 'ನ್ಯೂಜೆರ್ಸಿಯಲ್ಲಿ ನನಗೊಬ್ಬಳು ತಂಗಿ ಇದ್ದಳು, ಮೀನು ಮುಟ್ಟದ ಜಾತಿಯವಳು, ಆದರೂ ಕಷ್ಟದಲ್ಲಿ ನನ್ನ ಜೊತೆ ನಿಂತಳು' ಎಂದು ಯಾವಾಗಲೂ ಸನ್ನೆಯಲ್ಲಿ ಹೇಳುತ್ತಿದ್ದರು." ಅಷ್ಟೇ. ಉತ್ತರಕ್ಕೆ ಎಲ್ಲರೂ ಬರೆಯುವ ಸಂತಾಪದ ಎರಡು ಸಾಲು ಬರೆದು ಕಳಿಸಿದೆ.

ಡೆಂಟಿಸ್ಟ್ ಹತ್ತಿರದಿಂದ ಹೊರಗೆ ಬಂದಾಗ ಮಗಳು ಔಷಧಿ ತರಲು ಪಕ್ಕದ ಅಂಗಡಿಗೆ ಹೋದಳು. ನಾನು ಕಾರಿನಲ್ಲಿ ಒಬ್ಬಳೇ ಕೂತೆ. ಇದೇ ರಸ್ತೆಯಲ್ಲಿ ಅಕ್ಕ ದಿನಾ ಬೆಳಿಗ್ಗೆ ಕಡಲ ಕಡೆಗೆ ಹೋಗುತ್ತಿದ್ದರು. ಬಾಯಿತುಂಬ ಲವಂಗ. ಅಕ್ಕನ ಮಗಳಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿಬಿಡೋಣ ಅನ್ನಿಸಿತು. ಫೋನ್ ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಅವಳಿಗೆ ಕೇಳುವುದಿಲ್ಲ. ನಾನು ಎಷ್ಟು ಕೂಗಿ ಹೇಳಿದರೂ ಕೇಳುವುದಿಲ್ಲ. ಬರೆಯಲೇಬೇಕು. ಇಪ್ಪತ್ತೈದು ವರ್ಷ ಬರೆಯದೆ ತಪ್ಪಿಸಿಕೊಂಡದ್ದನ್ನು ಅಕ್ಷರ ಅಕ್ಷರ ಒತ್ತಿ ಬರೆಯಬೇಕು, ಸುಳ್ಳು ಟಿಕ್ ಹಾಕಿದ ಇದೇ ಕೈಯಿಂದ.

ಬರೆದೆ. "ನಿಮ್ಮ ಅಮ್ಮ ಯಾವ ತಪ್ಪೂ ಮಾಡಿರಲಿಲ್ಲ. ನಾನು ಎತ್ತಿಕೊಟ್ಟ ಮೀನುಗಳು ಸತ್ತಿದ್ದವು. ಜೀವ ಇತ್ತು ಎಂದು ನಾನು ಸುಳ್ಳು ಬರೆದೆ. ಅದು ಅವರಿಗೂ ಗೊತ್ತಾಗಿತ್ತು."

ಕಳಿಸಿದೆ. ಅಲ್ಲಿ ಆಗ ರಾತ್ರಿ, ಮಲಗಿರುತ್ತಾಳೆ. ಮಗಳು ಔಷಧಿ ಹಿಡಿದು ಬಂದು ಕಾರು ಹತ್ತಿದಳು. "ಇನ್ನೂ ನೋಯ್ತಿದೆಯಾ ಅವ್ವಾ?" ಅಂದಳು.

ಹೂಂ ಅಂದೆ.